ಹನ್ನೊಂದು ಮುಖಗಳ ಫ್ಲೆಕ್ಸು

ನಾನು ಮೈಸೂರಿಗೆ ಬಂದು ಎಂಟು ತಿಂಗಳಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಹಾಲು ತರಲೆಂದು ಬಾಗಿಲು ತೆಗೆದರೆ ಗೇಟಿನ ಹೊರಗೆ ಏಳೆಂಟು ಜನ ಚಪ್ಪಲಿ ಬಿಟ್ಟು ನಿಂತಿದ್ದಾರೆ. ಹಿಂದಿನ ಸಂಜೆ ನಾನು ಕಾಂಪೌಂಡಿಗೆ ಕಟ್ಟಿದ್ದ ಫ್ಲೆಕ್ಸಿಗೆ ಚೆಂಡುಹೂವಿನ ಹಾರ ಬಿದ್ದಿದೆ. ಕೆಳಗೆ ಇಟ್ಟಿಗೆಯೊಂದರ ಸಂದಿಯಲ್ಲಿ ಊದುಬತ್ತಿ ಹೊಗೆಯಾಡುತ್ತಿದೆ. ಫ್ಲೆಕ್ಸಿನಲ್ಲಿದ್ದದ್ದು ನನ್ನ ಶಾಲೆಯ ಹನ್ನೊಂದು ಹುಡುಗಿಯರ ಮುಖಗಳು. ಹನ್ನೊಂದು ಮಂದಿಯೂ ಆ ಹೊತ್ತಿಗೆ ಅವರವರ ಮನೆಯಲ್ಲಿ ಜಡೆ ಹಾಕಿಸಿಕೊಳ್ಳುತ್ತಲೋ ಉಪ್ಪಿಟ್ಟು ಬೇಡವೆಂದು ಜಗಳವಾಡುತ್ತಲೋ ಇದ್ದಿರಬೇಕು.

ನಮ್ಮ ಮನೆ ಓನರರ ಹೆಂಡತಿ ಗಿರಿಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹತ್ತಿರ ಬಂದರು. "ಅಯ್ಯೋ ಶಿವನೇ, ಇಷ್ಟು ಮಕ್ಳೂ ಒಟ್ಟಿಗೇ ಹೋಗ್ಬುಟ್ವಾ? ಯಾವ ವ್ಯಾನು ಕಣಮ್ಮ? ನೆನ್ನೆ ಕಟ್ಟೋವಾಗ ಒಂದು ಮಾತು ಹೇಳ್ಬಾರದಾಗಿತ್ತಾ?"

"ಇಲ್ಲ ಅಮ್ಮ, ಅವರು ಸತ್ತದ್ದಲ್ಲ. ಫುಟ್‌ಬಾಲ್ ಆಡುವವರು," ಎಂದೆ.

ಪಕ್ಕದ ಮನೆಯ ನಿವೃತ್ತ ಗುಮಾಸ್ತರು ತಲೆಯಾಡಿಸಿದರು. "ಆಡಕ್ಕೆ ಅಂತ ಹೋದಾಗ್ಲೇ ಆಗಿದ್ದಾ?"

ಉಪ್ಪಳದ ನನ್ನ ಜನರೇ, ನಿಮಗೆ ನಗು ಬರುತ್ತಿರಬಹುದು. ನಗಬೇಡಿ. ನನಗೂ ಆವತ್ತು ಮೊದಲು ನಗುವೇ ಬಂದದ್ದು, ಆಮೇಲೆ ಸಿಟ್ಟು, ಆಮೇಲೆ ನಾಚಿಕೆ. ಈ ಊರು ನನಗೆ ಎಲ್ಲವನ್ನೂ ಕೊಟ್ಟದ್ದು ಅದೇ ಕ್ರಮದಲ್ಲಿ.

ನಮ್ಮಲ್ಲಿ ಫ್ಲೆಕ್ಸ್ ಅಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ವಿಶ್ವಕಪ್ ಬಂತೆಂದರೆ ಕಾಸರಗೋಡಿನಿಂದ ಮಂಜೇಶ್ವರದವರೆಗೆ ರಸ್ತೆ ಕಾಣುವುದಿಲ್ಲ, ಫ್ಲೆಕ್ಸ್ ಮಾತ್ರ ಕಾಣುತ್ತದೆ. ಮೇಲೆ ಆಟಗಾರರು, ಕೆಳಗೆ ನಮ್ಮ ಕ್ಲಬ್ಬಿನ ಹುಡುಗರ ಪಾಸ್‌ಪೋರ್ಟ್ ಫೋಟೋಗಳು, ಸಾಲು ಸಾಲು, ಅಭಿಮಾನಿಗಳೆಂದು. ಮೀನು ಮಾರುವವನ ಮುಖವೂ ಮೇಷ್ಟ್ರ ಮುಖವೂ ಒಂದೇ ಸಾಲಿನಲ್ಲಿ ಹಲ್ಲು ಬಿಟ್ಟಿರುತ್ತವೆ. ಮೈಸೂರಿನಲ್ಲಿ ಹಾಗಲ್ಲ. ಇಲ್ಲಿ ಬೀದಿಯಲ್ಲಿ ಒಬ್ಬನೇ ಒಬ್ಬನ ದೊಡ್ಡ ಬಣ್ಣದ ಮುಖ ಕಂಡರೆ ಅವನಿಗೆ ಹುಟ್ಟುಹಬ್ಬ, ಅವನು ರಾಜಕೀಯದವನು. ಪಾಸ್‌ಪೋರ್ಟ್ ಫೋಟೋದ ಮುಖ ಕಂಡರೆ ಅವನು ತೀರಿಕೊಂಡಿದ್ದಾನೆ. ಇಷ್ಟೇ ಲೆಕ್ಕ, ಮೇಲಿನ ಅಕ್ಷರ ಯಾರೂ ಓದುವುದಿಲ್ಲ. ಮೂರನೆಯ ಬಗೆಯ ಫ್ಲೆಕ್ಸ್ ಇರಬಹುದೆಂದು ಶ್ರೀರಾಂಪುರದ ನಮ್ಮ ಬೀದಿಗೆ ಯಾರೂ ಹೇಳಿರಲಿಲ್ಲ, ನನಗೂ ಯಾರೂ ಹೇಳಿರಲಿಲ್ಲ.

ನಾನು ಇಲ್ಲಿಗೆ ಬಂದದ್ದು ಸರಸ್ವತಿಪುರಂನ ಒಂದು ಶಾಲೆಗೆ ಪಿ.ಟಿ. ಮಿಸ್ ಆಗಿ. ನಮ್ಮೂರಿನಲ್ಲಿ ಕನ್ನಡ ಶಾಲೆಗಳು ಒಂದೊಂದಾಗಿ ಸೊರಗುತ್ತಿರುವಾಗ ಅಲ್ಲಿ ಆಟದ ಟೀಚರನ್ನು ಯಾರು ಕೇಳುತ್ತಾರೆ? ಕನ್ನಡದ ನಾಡಿಗೆ ಹೋಗುತ್ತಿದ್ದೇನೆ, ಇನ್ನು ಮಲಯಾಳದ ಅರ್ಜಿ ನಮೂನೆ ಓದಿಸಿಕೊಳ್ಳಲು ಯಾರ ಮುಂದೂ ನಿಲ್ಲಬೇಕಾಗಿಲ್ಲ ಎಂದು ಬಹಳ ಹೆಮ್ಮೆಯಿಂದ ಬಂದೆ. ಬಂದ ಮೊದಲ ವಾರವೇ ಮನೆ ಹುಡುಕುವಾಗ ಒಬ್ಬರು ನನ್ನ ಮಾತು ಕೇಳಿ, "ನೀವು ಕೇರಳದೋರು, ಆದ್ರೂ ಕನ್ನಡ ಚೆನ್ನಾಗಿ ಕಲ್ತಿದ್ದೀರಾ ಕಣ್ರೀ," ಎಂದು ಹೊಗಳಿದರು. ಅಲ್ಲಿ ಕನ್ನಡದವಳೆಂದು ಮೂಗು ಮುರಿಸಿಕೊಂಡು ಇಲ್ಲಿಗೆ ಬಂದರೆ ಈ ಬಹುಮಾನ. ಕನ್ನಡ ನನ್ನ ಅಮ್ಮನ ಮಾತು ಎಂದೆ. "ಹೌದಾ, ಅಮ್ಮ ಈ ಕಡೆಯೋರಾ?" ಎಂದರು. ಸಾಕಾಗಿ ಹೌದು ಎಂದುಬಿಟ್ಟೆ.

ಮನೆ ಸಿಕ್ಕಿದ್ದು ಶ್ರೀರಾಂಪುರದ ಹೊಸ ಲೇಔಟಿನಲ್ಲಿ, ಗಿರಿಜಮ್ಮನ ಮನೆಯ ಮಹಡಿಯ ಮೇಲೆ. ಅವರ ಯಜಮಾನರು ನಂಜುಂಡಸ್ವಾಮಿ ಹಣೆಗೆ ಮೂರು ಗೆರೆ ವಿಭೂತಿ ಹಚ್ಚಿ ವರಾಂಡದಲ್ಲಿ ಕೂತು ಮೂರು ಪ್ರಶ್ನೆ ಕೇಳಿದರು. ಮದುವೆ ಆಗಿದೆಯಾ, ಯಾವ ಜನ, ಬಾಡು ತಿಂತೀರಾ. ಬಾಡು ಅಂದರೆ ಇಲ್ಲಿ ಮಾಂಸ. ಮೀನು ಬಾಡಿನಲ್ಲಿ ಸೇರುವುದಿಲ್ಲವೆಂದು ನಾನು ಎಷ್ಟು ವಾದಿಸಿದರೂ ಸೇರಿತು. ಹಾಗಾಗಿ ಬೂತಾಯಿ ಇಲ್ಲ, ಬಂಗುಡೆ ಇಲ್ಲ. ಕುಚ್ಚಲಕ್ಕಿ ಕೇಳಿದರೆ ಅಂಗಡಿಯವನು ಇಡ್ಲಿ ಅಕ್ಕಿ ತೋರಿಸುತ್ತಾನೆ. ಉಪ್ಸಾರು ಎಂದು ಒಂದಿದೆ, ಕಾಳು ಸೊಪ್ಪು ಬೇಯಿಸಿದ ನೀರಿಗೆ ಖಾರ ಕಲಸಿಕೊಳ್ಳುವುದು. ಅದು ಒಳ್ಳೆಯದಿದೆ ಎಂದು ಒಪ್ಪಿಕೊಳ್ಳಲು ನನಗೆ ಆರು ತಿಂಗಳು ಹಿಡಿಯಿತು, ಈಗಲೂ ಪೂರ್ತಿ ಮನಸ್ಸಿಲ್ಲ.

ಇಲ್ಲಿಯವರು ಇಲ್ಲ ಎನ್ನುವುದಿಲ್ಲ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವ ಸಂಗತಿ. ನಮ್ಮಲ್ಲಿ ಆಗುವುದಿಲ್ಲವೆಂದರೆ ಮುಖಕ್ಕೆ ಹೊಡೆದ ಹಾಗೆ ಆಗುವುದಿಲ್ಲ ಎನ್ನುತ್ತಾರೆ, ಮುಗಿಯಿತು. ಇಲ್ಲಿ "ನೋಡೋಣ ಬಿಡಿ" ಎಂದು ನಗುತ್ತಾರೆ. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುತ್ತೇನೆಂದಾಗ ಹೆಡ್ ಮಾಸ್ಟರು ನೋಡೋಣ ಬಿಡಿ ಎಂದರು. ಚೆಂಡು ಕೇಳಿದಾಗ ನೋಡೋಣ ಬಿಡಿ. ನಾಲ್ಕು ತಿಂಗಳು ಹಾಗೇ ನೋಡುತ್ತಾ ಕೂತೆ. ಕೊನೆಗೆ ನಾನೇ ಚೆಂಡು ಕೊಂಡು, ಎಂಟನೇ ಒಂಬತ್ತನೇ ಕ್ಲಾಸಿನಿಂದ ಹನ್ನೊಂದು ಹುಡುಗಿಯರನ್ನು ಹೆಕ್ಕಿ ಸಂಜೆ ಆಡಿಸಲು ಶುರುಮಾಡಿದೆ. ಆಗ ಹೆಡ್ ಮಾಸ್ಟರು ಬಾಯಿ ಬಿಟ್ಟು ಒಂದು ಮಾತು ಹೇಳಿದರು: ತಂಡದಲ್ಲಿ ಹನ್ನೊಂದು ಮಂದಿ ಇರುವವರೆಗೆ ಗ್ರೌಂಡು ನಿಮ್ಮದು, ಒಬ್ಬಳು ಕಡಿಮೆಯಾದರೂ ಕ್ರಿಕೆಟ್ ಕೋಚಿಂಗಿನವರಿಗೆ. ಹನ್ನೆರಡನೆಯ ಹುಡುಗಿ ನನಗೆ ಸಿಕ್ಕಿರಲಿಲ್ಲ.

ಆ ಹನ್ನೊಂದರಲ್ಲಿ ಗೋಲು ಕಾಯುವವಳು, ಗೋಲಿ, ನಯನಾ. ಒಂಬತ್ತನೇ ಕ್ಲಾಸು, ಇಲವಾಲದಿಂದ ಬಸ್ಸಿನಲ್ಲಿ ಬರುವವಳು, ಮೊಣಕಾಲವರೆಗೆ ಕೈ. ಚೆಂಡನ್ನು ಕಂಡರೆ ಉಳಿದವರು ಓಡಿಹೋಗುತ್ತಿದ್ದ ದಿನಗಳಲ್ಲಿ ಅವಳು ಎದೆಯೊಡ್ಡಿ ನಿಲ್ಲುತ್ತಿದ್ದಳು. ಸತ್ಯ ಹೇಳಬೇಕೆಂದರೆ ಈ ಊರಿನಲ್ಲಿ ನನಗೆ ಇಷ್ಟವಾದ ಮೊದಲ ವ್ಯಕ್ತಿ ಅವಳೇ.

ಜೂನ್ ತಿಂಗಳಿನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ತಂಡ ಏಷ್ಯಾ ಕಪ್ಪಿನ ಅರ್ಹತಾ ಸುತ್ತಿಗೆ ಥಾಯ್ಲೆಂಡಿಗೆ ಹೊರಟಿತು. ಗುಂಪಿನಲ್ಲಿ ಐದು ದೇಶ: ನಾವು, ಥಾಯ್ಲೆಂಡ್, ಇರಾಕ್, ಮಂಗೋಲಿಯಾ, ತಿಮೋರ್. ಮೇಲೆ ಹೋಗುವುದು ಒಂದೇ ತಂಡ. ನಾನು ನಮ್ಮೂರಿನ ಹುರುಪಿನಲ್ಲಿ ಫ್ಲೆಕ್ಸ್ ಮಾಡಿಸಿದೆ. ಮೇಲೆ ಐದು ಬಾವುಟ, ಗುಂಪಿನ ಪಟ್ಟಿ, "ಗೆದ್ದು ಬನ್ನಿ" ಎಂದು ದಪ್ಪಕ್ಷರ, ಕೆಳಗೆ ನನ್ನ ಹನ್ನೊಂದು ಮಂದಿಯ ಐಡಿ ಕಾರ್ಡಿನ ಫೋಟೋ. ಪ್ರಿಂಟಿಂಗ್ ಅಂಗಡಿಯವನು ನಾನು ಹೇಳದೆಯೇ ಫೋಟೋಗಳನ್ನು ಕಪ್ಪು ಬಿಳುಪು ಮಾಡಿ, ಒಂದೊಂದಕ್ಕೂ ಮೊಟ್ಟೆಯಾಕಾರದ ಅಂಚು ಕೊಟ್ಟು, ಎರಡು ಮೂಲೆಗೆ ಎರಡು ದೀಪ ಹಚ್ಚಿಟ್ಟಿದ್ದ. "ಡಿಸೈನು ಫ್ರೀ ಮೇಡಂ," ಎಂದ. ಅರಮನೆ ಇರುವ ಊರಲ್ಲವೇ, ದೀಪದ ಮೇಲೆ ಆಸೆ ಜಾಸ್ತಿ ಇರಬೇಕು ಎಂದುಕೊಂಡೆ. ಶಾಲೆಯ ಗೇಟಿಗೆ ಕಟ್ಟಲು ಕೇಳಿದರೆ, ನೋಡೋಣ ಬಿಡಿ. ಅದಕ್ಕೇ ಮನೆಯ ಕಾಂಪೌಂಡಿಗೆ ಕಟ್ಟಿದೆ. ನಂಜುಂಡಸ್ವಾಮಿಯವರು ಮೊಳೆ ಹೊಡೆಯಬೇಡಿ ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ಫ್ಲೆಕ್ಸನ್ನು ಅವರು ನೋಡಿರಲಿಲ್ಲ.

ಸೋಮವಾರ ನಾನು ಹಾರ ತೆಗೆಯಲು ಕೈ ಚಾಚಿದ್ದೆ, ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಜನರನ್ನು ತಳ್ಳಿಕೊಂಡು ಬಂದಳು. ಕೈಯಲ್ಲಿ ಊಟದ ಡಬ್ಬಿಯ ಚೀಲ. ಫ್ಲೆಕ್ಸಿನ ಎರಡನೇ ಸಾಲು ನೋಡಿದವಳೇ ಚೀಲ ಕೆಳಗೆ ಬಿಟ್ಟಳು. ಫೋನು ತೆಗೆದು ಯಾರಿಗೋ ಕರೆ ಮಾಡಿದಳು, ಎರಡು ಸಲ ನಂಬರು ತಪ್ಪಿತು. ಆ ಕಡೆಯಿಂದ ದನಿ ಕೇಳಿದ ಮೇಲೆ, "ಎಲ್ಲಿದ್ದೀಯೇ? ಮನೇಲೇ ಇದ್ದೀಯಾ? ಅಲ್ಲೇ ಇರು, ಎಲ್ಲೂ ಹೋಗ್ಬೇಡ," ಎಂದು ಅಲ್ಲೇ ನೆಲದ ಮೇಲೆ ಕೂತಳು. ನಯನಾಳ ತಾಯಿ ಮಹದೇವಮ್ಮ. ನಮ್ಮ ಬೀದಿಯ ತುದಿಯ ಪೀಜಿಯಲ್ಲಿ ಅಡುಗೆಗೆ ಬರುವವಳೆಂದು ನನಗೆ ಗೊತ್ತೇ ಇರಲಿಲ್ಲ.

ಫ್ಲೆಕ್ಸನ್ನು ಆವತ್ತೇ ಬಿಚ್ಚಿದೆ. ಮರುದಿನದಿಂದ ನಯನಾ ಆಟಕ್ಕೆ ಬರಲಿಲ್ಲ. ಕ್ಲಾಸಿಗೆ ಬಂದಳು, ಗಂಟೆ ಹೊಡೆದ ಕೂಡಲೇ ತಲೆ ತಗ್ಗಿಸಿ ಬಸ್ಸು ಹತ್ತಿದಳು. ನಾನು ಪೀಜಿಯ ಅಡುಗೆಮನೆಗೆ ಹೋದೆ. ಕ್ಷಮೆ ಕೇಳಲೆಂದೇ ಹೋದದ್ದು, ಆದರೆ ನನ್ನ ಬಾಯಿ ನಿಮಗೆ ಗೊತ್ತಲ್ಲ. "ಒಂದು ಹಾರಕ್ಕೆ ಹೆದರಿ ಹುಡುಗಿಯ ಆಟ ನಿಲ್ಲಿಸುವುದೆಂತ? ಇದೆಲ್ಲ ಮೂಢನಂಬಿಕೆ," ಎಂದುಬಿಟ್ಟೆ.

ಮಹದೇವಮ್ಮ ಹಿಟ್ಟಿನ ಕೈಯನ್ನು ಒರೆಸಿಕೊಳ್ಳಲೂ ಇಲ್ಲ. "ನಾವು ಶಕುನ ಗಿಕುನ ನಂಬೋರಲ್ಲ ಮಿಸ್. ಬುದ್ಧನ್ನ ಇಟ್ಕೊಂಡಿರೋ ಮನೆ ನಮ್ದು. ಎರಡು ವರ್ಷದ ಕೆಳಗೆ ನಮ್ಮನೆಯವ್ರು ಹುಣಸೂರು ರೋಡಲ್ಲಿ ಗಾಡಿಗೆ ಸಿಕ್ಕೊಂಡು ಹೋದ್ರು. ಇಲವಾಲದ ಸರ್ಕಲ್ಲಲ್ಲಿ ಫ್ಲೆಕ್ಸ್ ಕಟ್ಟಿದ್ರು. ಇದೇ ದೀಪ, ಇದೇ ಮೊಟ್ಟೆ ಥರದ ಅಂಚು. ಮೂರು ತಿಂಗಳು ಅದ್ರ ಮುಂದೇನೇ ಬಸ್ಸಿಗೆ ಕಾಯ್ತಿದ್ದೆ. ಈಗ ಮಗಳನ್ನೂ ಅಂಗೇ ನೋಡ್ಬುಟ್ಟೆ. ಕಣ್ಣು ನೋಡ್ಬುಡ್ತಲ್ಲ ಮಿಸ್, ಅದನ್ನ ಎಂಗೆ ಅಳಿಸ್ಲಿ ನಾನು?"

ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ಆಮೇಲೆ ಮುಂದುವರಿಸಿದಳು. "ನಮ್ಮಂಥೋರ ಫೋಟೋ ರೋಡಿಗೆ ಬರೋದು ಸತ್ತ ಮೇಲೆ ಮಾತ್ರ. ಬದುಕಿರೋವಾಗ ಯಾರು ಆಕ್ತಾರೆ? ನಿಮ್ ಊರಲ್ಲಿ ಆಕ್ತಾರೇನೋ. ನಮ್ ಊರಲ್ಲಿ ಇಲ್ಲ. ಹೋಗಿ ನೀವು, ರೊಟ್ಟಿ ಸೀದೋಗ್ತದೆ."

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಅತ್ತೆ. ಯಾರ ಮೇಲಿನ ಸಿಟ್ಟಿಗೆ ಅತ್ತೆನೋ ಗೊತ್ತಿಲ್ಲ. ಈ ಊರಿನ ಮೇಲೆ ಬಹಳ ಸಿಟ್ಟಿತ್ತು, ಆದರೆ ಆ ಹನ್ನೊಂದು ಫೋಟೋ ಕೊಟ್ಟದ್ದು ನಾನೇ.

ಆ ಎರಡು ವಾರ ವಿಚಿತ್ರವಾಗಿ ಕಳೆದವು. ಅಲ್ಲಿ ನಮ್ಮವರು ಮಂಗೋಲಿಯಾಕ್ಕೆ ಹದಿಮೂರು ಗೋಲು ಹೊಡೆದರು, ತಿಮೋರಿಗೆ ನಾಲ್ಕು, ಇರಾಕಿಗೆ ಐದು, ಒಂದೂ ಬಿಟ್ಟುಕೊಡಲಿಲ್ಲ. ಇಲ್ಲಿ ನನ್ನ ಹತ್ತು ಹುಡುಗಿಯರು ಗೋಲಿಯಿಲ್ಲದ ಎರಡು ಕಲ್ಲುಗಳ ನಡುವೆ ಚೆಂಡು ಒದೆಯುತ್ತಿದ್ದರು. ಥಾಯ್ಲೆಂಡಿನವರೂ ನಮ್ಮಷ್ಟೇ ಗೋಲು ಹೊಡೆದು ಅಂಕದಲ್ಲೂ ಸಮ, ಗೋಲಿನ ಲೆಕ್ಕದಲ್ಲೂ ಸಮ ನಿಂತರು. ಶನಿವಾರ ಸಂಜೆ ಅವರ ನೆಲದಲ್ಲೇ ಅವರೊಂದಿಗೆ ಕೊನೆಯ ಪಂದ್ಯ. ಶಾಲೆಯ ಸ್ಮಾರ್ಟ್ ಬೋರ್ಡಿನಲ್ಲಿ ಮಕ್ಕಳಿಗೆ ತೋರಿಸೋಣವೇ ಎಂದು ಹೆಡ್ ಮಾಸ್ಟರನ್ನು ಕೇಳಿದೆ. ಅವರು ನೋಡೋಣ ಬಿಡಿ ಎನ್ನಲಿಲ್ಲ, ಅದೊಂದು ವಿಶೇಷ. "ಗೋಲಿ ಬರ್ತಿಲ್ವಂತಲ್ಲ ಮಿಸ್? ಸೋಮವಾರದ ತನಕ ನೋಡ್ತೀನಿ. ಆಮೇಲೆ ಕ್ರಿಕೆಟ್‌ನೋರಿಗೆ ಕೀ ಕೊಟ್ಬಿಡ್ತೀನಿ," ಎಂದರು.

ಶನಿವಾರ ನಾನು ಇಲವಾಲದ ಬಸ್ಸು ಹತ್ತಿದೆ.

ಮಹದೇವಮ್ಮನ ಮನೆ ಊರೊಳಗೆ ಕೊನೆಯ ಸಾಲಿನಲ್ಲಿತ್ತು. ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಹೋಗು ಎನ್ನಲೂ ಇಲ್ಲ. ನಾನು ಎದುರಿನ ಕಲ್ಲಿನ ಮೇಲೆ ಕೂತೆ. ಪಂದ್ಯದ ಹೊತ್ತಾಗಿತ್ತು. ಫೋನು ತೆಗೆದು ಹಚ್ಚಿದೆ. ಟಿ.ವಿ.ಯ ಯಾವ ಚಾನಲ್ಲಿನಲ್ಲೂ ನನಗೆ ಸಿಕ್ಕಿರಲಿಲ್ಲ. ಫೋನಿನಲ್ಲಿ ಹೇಗೋ ಸಿಕ್ಕಿತು, ವಿವರಣೆಯೆಲ್ಲ ಆ ದೇಶದ ಭಾಷೆಯಲ್ಲಿ, ಪಾತ್ರೆ ಅಂಗಡಿಯೊಳಗೆ ಬೆಕ್ಕು ಹೊಕ್ಕ ಹಾಗೆ.

ಸ್ವಲ್ಪ ಹೊತ್ತಿಗೆ ಮಹದೇವಮ್ಮ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಬಗ್ಗಿ ನೋಡಿದಳು. "ಇವ್ರಾ ನಿಮ್ಮ ಹೆಣ್ಮಕ್ಳು? ಸೋತ್ರೆ ಏನಾಗ್ತದೆ?"

"ಮನೆಗೆ ಬರಬೇಕು. ಐದರಲ್ಲಿ ಒಂದೇ ತಂಡ ಮೇಲೆ ಹೋಗುವುದು."

"ಎರಡನೇದಾಗಿ ಬಂದ್ರೂವೆ?"

"ಎರಡನೆಯದಾಗಿ ಬಂದರೂ ಮನೆಗೇ."

"ಇದ್ಯಾವ ನ್ಯಾಯ," ಎಂದಳು. ಅಷ್ಟು ಹೊತ್ತಿನಲ್ಲಿ ನಮ್ಮದೊಂದು ಗೋಲು ಬಿತ್ತು. ನಾನು ಎದ್ದು ನಿಂತು ಕಿರುಚಿದೆ. ಎದುರು ಮನೆಯ ನಾಯಿ ಬೊಗಳಿತು. ಮಹದೇವಮ್ಮ ಮತ್ತೆ ಸೊಪ್ಪು ಹಿಡಿದಳು, ಆದರೆ ಬೆರಳು ಎಲೆ ಬಿಟ್ಟು ಬರೀ ದಂಟನ್ನೇ ಚೂರು ಮಾಡುತ್ತಿತ್ತು.

ವಿರಾಮದ ನಂತರ ಅವರು ಸಮ ಮಾಡಿಬಿಟ್ಟರು. ಆಗ ಒಳಗಿನಿಂದ ಒಂದು ದನಿ ಬಂತು: "ಥೂ, ಮುಂದಕ್ಕೆ ಬರ್ಬೇಕಿತ್ತು ಕಣೇ ನೀನು!" ನಯನಾ ಬಾಗಿಲ ಹಿಂದೆ ನಿಂತು ಅಷ್ಟೂ ಹೊತ್ತು ನೋಡುತ್ತಿದ್ದಳು. ಬೈದದ್ದು ದೂರದೇಶದಲ್ಲಿ ನಿಂತಿದ್ದ ಗೋಲಿಗೆ. ತಾಯಿ ತಿರುಗಿ ನೋಡಿದಳು. ಹುಡುಗಿ ತಲೆ ತಗ್ಗಿಸಿದಳು, ಆದರೆ ಒಳಗೆ ಹೋಗಲಿಲ್ಲ. ಎರಡು ಕೈಯನ್ನೂ ಮುಂದೆ ಚಾಚಿ ಹಿಡಿದೇ ಇದ್ದಳು.

ಮಹದೇವಮ್ಮ ಬಹಳ ಹೊತ್ತು ಆ ಕೈಗಳನ್ನೇ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಆ ಗೋಲಿ ಹುಡ್ಗಿ ಅವ್ವ ಎಲ್ಲಾದ್ರೂ ಕೂತ್ಕೊಂಡು ನೋಡ್ತಾವ್ಳಾ ಮಿಸ್?"

"ನೋಡುತ್ತಿರಬೇಕು," ಎಂದೆ. ನನಗೇನು ಗೊತ್ತು? ಗೊತ್ತಿದ್ದದ್ದು ಇಷ್ಟೇ, ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನಮ್ಮ ಎರಡನೆಯ ಗೋಲು ಬಿದ್ದಾಗ ಕಿರುಚಿದ್ದು ನಯನಾ ಒಬ್ಬಳೇ. ನಾನು ಅಳುತ್ತಿದ್ದೆ. ಉಳಿದ ಹೊತ್ತು ಮೂವರೂ ಅಂಗೈಯಗಲದ ಪರದೆಯ ಮೇಲೆ ಬಗ್ಗಿ ಕೂತು, ಗಡಿಯಾರ ಬೇಗ ಓಡಲೆಂದು ಬೈಯುತ್ತಿದ್ದೆವು. ಕೊನೆಯ ಸೀಟಿ ಊದಿದರು. ಗುಂಪಿನಲ್ಲಿ ಮೊದಲ ಸ್ಥಾನ. ಅಲ್ಲಿ ಮೈದಾನದಲ್ಲಿ ನಮ್ಮ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಿದ್ದರು. ಮಹದೇವಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಎದ್ದಳು.

"ಸೋಮವಾರ ಕಳಿಸ್ತೀನಿ. ಆದ್ರೆ ಫೋಟೋ ಮಾತ್ರ ಎಲ್ಲೂ ಆಕ್ಕೂಡ್ದು. ಗೆದ್ರೂ ಆಕ್ಕೂಡ್ದು," ಎಂದಳು. ನಾನು ಹೂಂ ಎಂದೆ. "ಕಾಪಿ ಕುಡಿದು ಹೋಗಿ," ಎಂದು ಒಳಗೆ ಹೋದಳು. ಆ ಕಾಪಿಯಲ್ಲಿ ಬೆಲ್ಲ ಜಾಸ್ತಿಯಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಉಪ್ಪಳಕ್ಕೆ ಫೋನು ಮಾಡಿದೆ. ಊರಿಗೆ ಊರೇ ಬೀದಿಗಿಳಿದಿರುತ್ತದೆ, ಪಟಾಕಿಯ ಸದ್ದು ಕೇಳಿಸೀತು ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅಣ್ಣ ಕ್ಲಬ್ಬಿನಲ್ಲಿದ್ದ, ಕೇರಂ ಆಡುತ್ತಿದ್ದ.

"ಗೆದ್ದೆವು ಮಾರಾಯ!" ಎಂದೆ.

"ಯಾರು? ಎಂತದ್ದು?"

"ಥಾಯ್ಲೆಂಡಿನ ಮೇಲೆ. ನಮ್ಮ ಹೆಣ್ಣುಮಕ್ಕಳು. ಗುಂಪಿನಲ್ಲಿ ಮೊದಲು."

"ಹೌದಾ? ಇವತ್ತು ಮ್ಯಾಚ್ ಉಂಟೆಂದೇ ಗೊತ್ತಿರಲಿಲ್ಲ ನೋಡು," ಎಂದ. ಹಿಂದಿನಿಂದ ಯಾರೋ ಕೆಂಪು ಕಾಯಿ ಹಾಕಿದ್ದಕ್ಕೆ ಬೊಬ್ಬೆ ಕೇಳಿತು.

ಎಂಟು ತಿಂಗಳು ಈ ಊರಿನವರ ಮುಂದೆ ನಿಮ್ಮ ಬಗ್ಗೆ ನಾನು ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಫುಟ್‌ಬಾಲ್ ಅಂದರೆ ನಮ್ಮ ಊರು, ನಿಮಗೆಂತ ಗೊತ್ತುಂಟು, ಎಂದು ಹೆಡ್ ಮಾಸ್ಟರಿಗೂ ಹೇಳಿದ್ದೆ, ಗಿರಿಜಮ್ಮನಿಗೂ ಹೇಳಿದ್ದೆ. ಮರುದಿನ ಬೆಳಿಗ್ಗೆ ಗಿರಿಜಮ್ಮ ಪೇಪರು ಹಿಡಿದು ಮಹಡಿ ಹತ್ತಿ ಬಂದು, "ನಿಮ್ಮ ಮಕ್ಳು ಗೆದ್ರಂತಲ್ಲ, ಇಲ್ಲಿ ಮೂಲೇಲಿ ಬಂದದೆ ನೋಡಿ," ಎಂದು ಬೆರಳಿಟ್ಟು ತೋರಿಸಿದರು. ನನಗೆ ಅವರ ಮೇಲೂ ಸಿಟ್ಟು ಬಂತು. ಸಿಟ್ಟು ಮಾಡಲು ಕಾರಣ ಮಾತ್ರ ಸಿಗಲಿಲ್ಲ. ಸೋಮವಾರ ನಯನಾ ಬಂದಳು, ಗ್ರೌಂಡಿನ ಕೀ ನಮ್ಮಲ್ಲೇ ಉಳಿಯಿತು. ಹೆಡ್ ಮಾಸ್ಟರು ಗೇಟಿಗೆ ತಂಡದ ಫ್ಲೆಕ್ಸ್ ಹಾಕಿಸೋಣ, ಅಡ್ಮಿಷನ್ನಿಗೆ ಒಳ್ಳೆಯದು ಎಂದರು. ನೋಡೋಣ ಬಿಡಿ ಎಂದೆ.

ಚೌತಿಯ ರಜೆಗೆ ಊರಿಗೆ ಬಂದೆ. ಬೆಳಿಗ್ಗೆ ಉಪ್ಪಳದಲ್ಲಿ ಬಸ್ಸಿಳಿದಾಗ ಕಡಲಿನ ಉಪ್ಪು ವಾಸನೆ, ಮೀನಿನ ಗಾಡಿಯ ಹಾರ್ನು, ಎಲ್ಲ ಇದ್ದಲ್ಲೇ ಇತ್ತು. ಅಣ್ಣ ಬೈಕು ತರುತ್ತೇನೆಂದಿದ್ದ, ಇನ್ನೂ ಬಂದಿರಲಿಲ್ಲ. ಚೀಲ ಹಿಡಿದು ತಲೆಯೆತ್ತಿದರೆ ಕಂಬಗಳ ನಡುವೆ ಒಂದು ಫ್ಲೆಕ್ಸ್. ಹಳದಿ ಬಣ್ಣ, ಬಿಸಿಲಿಗೆ ಬಿಳಚಿಕೊಂಡಿತ್ತು. ಕೆಳಗೆ ಪಾಸ್‌ಪೋರ್ಟ್ ಫೋಟೋಗಳು, ಮೂರು ಸಾಲು, ಎಲ್ಲ ಹರೆಯದ ಮುಖಗಳು.

ಇಷ್ಟು ಮಂದಿ ಒಟ್ಟಿಗೇ. ಯಾವ ವ್ಯಾನು, ಎಂದುಕೊಂಡೆ. ಎರಡನೇ ಸಾಲಿನಲ್ಲಿ ಅಣ್ಣನ ಮುಖ ಇತ್ತು.

ಚೀಲ ಕೈಯಿಂದ ಬಿತ್ತು. ಮೇಲಿನ ಅಕ್ಷರ ಓದಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ವಿಶ್ವಕಪ್ಪಿಗೆ ಅರ್ಹತೆ ಗಳಿಸಿದ ಬ್ರೆಜಿಲ್ ತಂಡಕ್ಕೆ ಅಭಿನಂದನೆಗಳು, ಎಂದಿತ್ತು. ಅಷ್ಟರಲ್ಲಿ ಪಕ್ಕದಲ್ಲೇ ಬೈಕು ಬಂದು ನಿಂತಿತು.

"ಎಂತ ಮಾರಾಯ್ತಿ, ಭೂತ ಕಂಡ ಹಾಗೆ ನಿಂತದ್ದು?"

"ಅದನ್ನು ತೆಗೆಸು," ಎಂದೆ.

"ಯಾಕೆ? ಚಂದ ಉಂಟಲ್ಲ, ನನ್ನ ಫೋಟೋ ಕಾಣಲಿಲ್ಲವಾ ನಿನಗೆ?" ಎಂದು ನಕ್ಕ. "ಮೈಸೂರಿಗೆ ಹೋಗಿ ಎಂತ ಆಯಿತು ನಿನಗೆ?"

ಬೈಕು ಹತ್ತಿ ಕೂತೆ. ಮನೆ ಬರುವವರೆಗೂ ಅವನ ಅಂಗಿಯನ್ನು ಹಿಂದಿನಿಂದ ಎರಡು ಕೈಯಲ್ಲೂ ಹಿಡಿದುಕೊಂಡೇ ಇದ್ದೆ. ಅವನ ಬೆನ್ನು ಬೆಚ್ಚಗಿತ್ತು.